ಮಾವ್ಶಿಯನ್ನು ಕೂರಿಸಿ ಟರ್ಬೋ ಕಾರಿಗೆ ಟೈಮಿಂಗ್ ಇಟ್ಟದ್ದು

ಕಾಪುವಿನ ಗ್ಯಾರೇಜಿನಲ್ಲಿ ಕುಳಿತುಕೊಂಡೇ, ನಾಲ್ಕು ಮೈಲು ಆಚೆ ಉಚ್ಚಿಲದಲ್ಲಿ ಹೊರಟ ಕಾರಿನ ಟೈಮಿಂಗ್ ತಪ್ಪಿದ್ದನ್ನು ಕಿವಿಯಲ್ಲಿ ಹಿಡಿದವನು ನಾನು. ಸಂಶಯ ಇದ್ದವರು ಗ್ಯಾರೇಜಿನ ಧಣಿಗಳನ್ನು ಕೇಳಬಹುದಿತ್ತು, ಅವರು ತೀರಿಹೋದರು. ಆ ಕಾರಿನ ಡ್ರೈವರನೂ ಹೋದ. ಕಾರು ಗುಜರಿಗೆ ಹೋಯಿತು. ಹಾಗಾಗಿ ನೀವು ನಂಬುವುದೇ ಒಳ್ಳೆಯದು. ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದು ಹೆಡ್‌ಮಾಸ್ತರ ಸ್ಕೂಟರ್ ರಿಪೇರಿಗೆ ಮಾತ್ರ. ಆದರೆ ಇಂಜಿನ್ ಇದ್ದಲ್ಲಿ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ, ನಾನಿದ್ದಲ್ಲಿ ಸ್ವಲ್ಪ ಹೆಚ್ಚೇ.

ಮೊನ್ನೆ ಕಾರ್ಕಳದಲ್ಲಿ ಒಬ್ಬರು ಬಾಯಮ್ಮನ ಮನೆಗೆ ಊಟಕ್ಕೆ ಹೋಗಿದ್ದೆ. ಬಂದವರೆಲ್ಲ ಚಾವಡಿಯಲ್ಲಿ ಸುತ್ತ ಕುಳಿತು, ಹಳೆಯದು ಏನಾದರೂ ಹೇಳಿ ಎಂದರು. ಬಾಯಮ್ಮ ಅಡುಗೆಮನೆಯಲ್ಲಿದ್ದಾರೆ ಎಂದು ನೋಡಿಕೊಂಡೇ ಶುರು ಮಾಡಿದೆ.

ಅಜೆಕಾರಿನ ಜೀಪು

ಟೈಮಿಂಗ್ ಎಂದರೆ ಎಂತ? ಪ್ಲಗ್ಗಿನಲ್ಲಿ ಕಿಡಿ ಯಾವಾಗ ಹಾರಬೇಕು ಎನ್ನುವುದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದು ಕೂದಲಿನಷ್ಟು ಆಚೆ ತಿರುಗಿಸಿದರೆ ಕಿಡಿ ಬೇಗ, ಈಚೆ ತಿರುಗಿಸಿದರೆ ತಡ. ಬೇಗವಾದರೆ ಬಲ ಹೆಚ್ಚು. ತೀರಾ ಬೇಗವಾದರೆ ಇಂಜಿನಿನೊಳಗೆ ಟಣಟಣ ಸದ್ದು. ಹಾಗೇ ಓಡಿಸಿದರೆ ಪಿಸ್ಟನ್ ತೂತು.

ಎಪ್ಪತ್ತರ ದಶಕದಲ್ಲಿ ಅಜೆಕಾರಿನ ಧಣಿಯೊಬ್ಬರು ತಮ್ಮ ಜೀಪಿಗೆ ಬಲ ಸಾಲದು, ಕಿಡಿ ಇನ್ನೂ ಬೇಗ ಬರಲಿ ಎಂದರು. ಸ್ವಲ್ಪ ತಿರುಗಿಸಿದೆ. ಇನ್ನೂ ಎಂದರು. ಬೇಡ ಧಣಿಗಳೇ ಎಂದೆ. ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡಲು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ್ದಾರೆ, ಇಂಜಿನ್ ಹಿಂದಕ್ಕೆ ಒದೆಯಿತು. ಧಣಿಗಳು ಗಾಳಿಯಲ್ಲಿ ಹಾರಿ ಬೈಹುಲ್ಲಿನ ರಾಶಿಯ ತುದಿಗೆ ಬಿದ್ದರು. ಅಲ್ಲಿ ಅಂಗಾತ ಮಲಗಿಕೊಂಡೇ ಕೇಳಿದರು:

“ಈಗ ಬಲ ಬಂತು, ಅಲ್ವಾ ಮಾರಾಯ?”

ಕಾರಿನ ಮೂಗು

ಎಂಬತ್ತರ ದಶಕದಲ್ಲಿ ಕೆಮ್ಮಣ್ಣಿನ ಪೊರ್ಬುಗಳು ಮಸ್ಕತ್‌ನಿಂದ ಜಪಾನಿನ ಟರ್ಬೋ ಕಾರು ತಂದರು. ಕ್ರಿಶ್ಚಿಯನ್ ಯಜಮಾನರನ್ನು ನಾವು ತುಳುವರು ಪೊರ್ಬುಗಳು, ಅವರ ಮನೆಯ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಪೊರ್ಬುಗಳ ತಂಗಿಯ ಮದುವೆ ಕಾರ್ಕಳದ ಇಗರ್ಜಿಯಲ್ಲಿ. ಅವಳು ಅಲ್ಲಿ ಈ ಕಾರಿನಿಂದಲೇ ಇಳಿಯಬೇಕು ಎಂದು ಊರಿಗೆಲ್ಲ ಹೇಳಿಯಾಗಿತ್ತು. ಹಡಗಿನಲ್ಲಿ ಬಂದ ಕಾರು ಸ್ವಲ್ಪ ಕೆಮ್ಮುತ್ತಿತ್ತು. ನನ್ನ ಕೈಗೆ ಕೊಡಿ, ಮದುಮಗಳನ್ನು ಇಗರ್ಜಿಗೆ ಮುಟ್ಟಿಸುವುದು ನನ್ನ ಗ್ಯಾರಂಟಿ ಎಂದೆ.

ಟರ್ಬೋ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಫ್ಯಾನು. ಅದು ಇಂಜಿನಿನ ಬಾಯಿಗೆ ಗಾಳಿ ತುರುಕುತ್ತದೆ. ಬಾನೆಟ್ ಎತ್ತಿದರೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರೇ ಇಲ್ಲ. ಇಂಜಿನಿನಿಂದ ಒಂದು ಪೆಟ್ಟಿಗೆಗೆ ಕಿರುಬೆರಳಿಗಿಂತ ಸಪುರದ ರಬ್ಬರ್ ಪೈಪು ಮಾತ್ರ. ಕೆಲಸವಿಲ್ಲದ ಪೈಪು ಕಂಡರೆ ಕಿತ್ತು, ತೂತಿಗೆ ಸ್ಕ್ರೂ ಜಡಿಯುವುದು ನಮ್ಮ ಗ್ಯಾರೇಜಿನ ಪದ್ಧತಿ. ಜಡಿದೆ. ಸ್ಟಾರ್ಟ್ ಮಾಡಿದರೆ ಕಪ್ಪು ಹೊಗೆ.

ಪೊರ್ಬುಗಳು ಹೊಗೆಯೊಳಗಿನಿಂದ ತಿಳಿಸಿಕೊಟ್ಟರು. ಗಾಳಿ ಎಷ್ಟು ಹೋಯಿತು ಎಂದು ಪೆಟ್ಟಿಗೆ ನೇರವಾಗಿ ಅಳೆಯುವುದಿಲ್ಲವಂತೆ. ಇಂಜಿನ್ ತಿರುಗುವ ವೇಗ, ಒಳಗಿನ ಗಾಳಿಯ ಒತ್ತಡ, ಅದರ ಬಿಸಿ, ಈ ಮೂರನ್ನು ನೋಡಿ ಲೆಕ್ಕ ಹಾಕಿ ಪೆಟ್ರೋಲ್ ಬಿಡುತ್ತದಂತೆ. ಒತ್ತಡ ತಿಳಿಯುವುದು ಆ ಪೈಪಿನಿಂದ. ಅದನ್ನು ಕಿತ್ತರೆ, ಕಾರು ಭಾರ ಎಳೆಯುತ್ತಿದೆ ಎಂದುಕೊಂಡು ಪೆಟ್ರೋಲ್ ಸುರಿಯುತ್ತದೆ.

“ನೀನು ಕಿತ್ತದ್ದು ಅದರ ಮೂಗು ಮಾರಾಯ.”

ಸ್ಕ್ರೂ ಬಿಚ್ಚಿ ಮೂಗನ್ನು ಸಿಕ್ಕಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯವರು, ಇಲ್ಲಿ ಗೇರುಬೀಜ ಹುರಿಯಲು ಶುರು ಮಾಡಿದಿರಾ, ಕೆಲಸಕ್ಕೆ ಹೆಂಗಸರು ಬೇಕಾ ಎಂದು ಕೇಳಿಕೊಂಡು ಬಂದಿದ್ದರು.

ಮಣಿಪಾಲದ ಏರು

ಟೈಮಿಂಗ್ ಇಡಲು ನಮಗಿದ್ದದ್ದು ಮಣಿಪಾಲದ ಏರು. ಟಾಪ್ ಗೇರಿನಲ್ಲಿ ಹತ್ತಿಸುವುದು, ಟಣ್ ಎನ್ನುವವರೆಗೆ ಡಿಸ್ಟ್ರಿಬ್ಯೂಟರ್ ತಿರುಗಿಸುವುದು, ಮತ್ತೆ ಕೂದಲಿನಷ್ಟು ಹಿಂದೆ ತರುವುದು. ಮದುವೆಯ ಮುಂಚಿನ ದಿನ ಒಬ್ಬನೇ ಹೋದೆ. ಟಣ್ ಎನ್ನಲಿಲ್ಲ. ಇನ್ನಷ್ಟು ತಿರುಗಿಸಿದೆ, ಆಗಲೂ ಇಲ್ಲ. ಜಪಾನಿನ ಕಬ್ಬಿಣವೇ ಬೇರೆ ಎಂದುಕೊಂಡು ಬೋಲ್ಟ್ ಬಿಗಿದೆ.

ಮದುವೆಯ ದಿನ ನಾನೇ ಡ್ರೈವರ್. ಮುಂದೆ ಪೊರ್ಬುಗಳು. ಹಿಂದೆ ಬಿಳಿ ಸೀರೆಯ ಮದುಮಗಳು ಮತ್ತು ಮಾವ್ಶಿ, ಅಂದರೆ ಅವರ ತಾಯಿಯ ಅಕ್ಕ. ಮಾವ್ಶಿ ಕುಳಿತ ಬದಿಗೆ ಕಾರು ನೆಲವನ್ನು ಮೂಸುತ್ತಿತ್ತು. ಏರಿನ ನಡುವೆ ಫ್ಯಾನು ಶಿಳ್ಳೆ ಹಾಕಿತು, ಹಿಂದೆಯೇ ತಗಡಿನ ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಸದ್ದು.

“ಪಿಸ್ಟನ್ ಹೋಯಿತಾ?” ಎಂದರು ಪೊರ್ಬುಗಳು, ಬಹಳ ಮೆಲ್ಲಗೆ.

ಎಲ್ಲರನ್ನೂ ಇಳಿಸಿದೆ. ಮದುಮಗಳು ಸೀರೆ ಎತ್ತಿ ಹಿಡಿದು ಗೋಳಿಮರದ ಅಡಿ ನಿಂತಳು. ಖಾಲಿ ಕಾರನ್ನು ಹತ್ತಿಸಿದೆ, ಸದ್ದಿಲ್ಲ. ನನಗೆ ಕುತೂಹಲ ಹಿಡಿಯಿತು. ಪೊರ್ಬುಗಳನ್ನು ಕೂರಿಸಿದೆ, ಇಲ್ಲ. ಅವರನ್ನು ಇಳಿಸಿ ಮಾವ್ಶಿಯನ್ನು ಕೂರಿಸಿದೆ. ಟಣಟಣ. ಗುಟ್ಟು ಸಿಕ್ಕಿತು. ಭಾರ ಬಿದ್ದಾಗಲೇ ಫ್ಯಾನು ಗಾಳಿ ತುರುಕುವುದು, ಗಾಳಿ ತುಂಬಿದಾಗ ಕಿಡಿ ತಡವಾಗಿ ಬೇಕು. ಪೆಟ್ಟಿಗೆಗೆ ಮೂಗು ಉಂಟು, ನನಗೆ ಮಾವ್ಶಿ.

ಮತ್ತೆ ಅದೇ ಕೆಲಸ. ಕೂದಲಿನಷ್ಟು ಈಚೆ ತಿರುಗಿಸುವುದು, ಮಾವ್ಶಿಯೊಡನೆ ಏರು ಹತ್ತುವುದು. ಮಾವ್ಶಿ ಕಣ್ಣು ಮುಚ್ಚಿ ಜಪಸರ ಹಿಡಿದಿದ್ದರು. ಕೊನೆಗೊಮ್ಮೆ ಏರಿನ ತುದಿಯವರೆಗೂ ಒಂದು ಟಣ್ ಇಲ್ಲ. ಇಂಜಿನ್ ಪುನುಗಿನ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಆ ಸುಖದಲ್ಲಿ ಬ್ರೇಕ್ ಒತ್ತಲು ಮನಸ್ಸೇ ಬರಲಿಲ್ಲ. ಹಿರಿಯಡ್ಕ ಯಾವಾಗ ದಾಟಿತೋ ಗೊತ್ತಿಲ್ಲ, ನೆಲ ಮುಟ್ಟಿದ್ದರೆ ಅಲ್ವಾ ಗೊತ್ತಾಗುವುದು. ಎಕ್ಸ್‌ಪ್ರೆಸ್ ಬಸ್ಸುಗಳು ನಮಗೆ ದಾರಿ ಬಿಟ್ಟವು. ಗಂಟೆ ಹೊಡೆಯುವ ಮುಂಚೆ ಇಗರ್ಜಿಯ ಅಂಗಳದಲ್ಲಿ ನಿಲ್ಲಿಸಿದೆ. ಬ್ಯಾಂಡಿನವರು ಬಾರಿಸಿದರು. ಮದುಮಗ ಹೂವಿನ ಗೊಂಚಲು ಹಿಡಿದು ಓಡಿ ಬಂದು ಬಾಗಿಲು ತೆಗೆದ.

ಇಲ್ಲಿಗೆ ನಿಲ್ಲಿಸಿ ನಾನು ವೀಳ್ಯದೆಲೆಗೆ ಸುಣ್ಣ ಹಚ್ಚಿದೆ. ಚಾವಡಿಯಲ್ಲಿ ಎಲ್ಲರೂ ಬಾಯಿ ಬಿಟ್ಟು ಕುಳಿತಿದ್ದರು.

“ತೆಗೆದಾಗ ಇಳಿದದ್ದು ಯಾರು?” ಎಂದು ಹಿಂದಿನಿಂದ ಸ್ವರ ಬಂತು. ನೋಡಿದರೆ ಬಾಯಮ್ಮ, ಕೈಯಲ್ಲಿ ಸೌಟು. ಅಂದಿನ ಮದುಮಗಳು ಇವರೇ.

“ಮಾವ್ಶಿ” ಎಂದೆ.

“ನಾನು ಎಲ್ಲಿದ್ದೆ?”

“ಗೋಳಿಮರದ ಅಡಿ.”

“ನಿಮಗೆ ದಾರಿ ಬಿಟ್ಟಿತಲ್ಲ ಎಕ್ಸ್‌ಪ್ರೆಸ್ ಬಸ್ಸು, ಅದರಲ್ಲೇ ನಾನೂ ಅಣ್ಣನೂ ನಿಂತುಕೊಂಡು ಬಂದದ್ದು. ಅದನ್ನೂ ಇವರಿಗೆ ಹೇಳಿ.”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೆಗಲು ಹಾರಿಸಿದೆ.

“ಎಂತ ಮಾಡುವುದು ಬಾಯಮ್ಮ, ಆಗ ನೀವು ಭಾರಿ ಸಪುರ ಇದ್ದಿರಿ. ಇಳಿದದ್ದು ಇಂಜಿನಿಗೆ ಗೊತ್ತೇ ಆಗಲಿಲ್ಲ.”