ಮೇಜು ವಾಲಿದೆ

ಹಿಟ್ಟಿನ ಅಂಟಿಗೆ ಹುಳು ಬೀಳದಂತೆ ಚೂರು ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಅರ್ಧ ಗಂಜಿಯದು, ಅರ್ಧ ಔಷಧಿಯದು. ಚಿಕ್ಕಂದಿನಲ್ಲಿ, ಶಾಲೆ ಶುರುವಾಗುವ ವಾರ ಅಕ್ಕ ಹೊಸ ನೋಟ್‌ಬುಕ್ ತಂದುಕೊಟ್ಟರೆ ಅವನು ಅದನ್ನು ಬಿಡಿಸಿ, ನಡುವೆ ಮುಖ ಹುದುಗಿಸಿ, ಆ ವಾಸನೆಯನ್ನು ಹೊಟ್ಟೆ ತುಂಬ ಎಳೆದುಕೊಳ್ಳುತ್ತಿದ್ದ. "ಬರೆಯೋಕೆ ಕೊಟ್ಟಿದ್ದು ಕಣೋ, ಮೂಸೋಕಲ್ಲ" ಎಂದು ಅಕ್ಕ ನಗುತ್ತಿದ್ದಳು. ಈಗ ನಲವತ್ತೊಂದನೆಯ ವಯಸ್ಸಿನಲ್ಲಿ, ನೋಟ್‌ಬುಕ್ ಕಾರ್ಖಾನೆಯ ಬಾಗಿಲಲ್ಲಿ ನಿಂತಾಗ ಅದೇ ವಾಸನೆ ಬಂದು ಮೂಗಿಗೆ ತಾಕಿತು. ಸಂಶೋಧಕನಿಗೆ ಮೊದಲು ಅಕ್ಕ ನೆನಪಾದಳು. ಮರುಕ್ಷಣವೇ ಅಕ್ಕ ಕಟ್ಟಿಕೊಟ್ಟ ಊಟದ ಡಬ್ಬಿ ನೆನಪಾಯಿತು. ಅದು ಮನೆಯಲ್ಲೇ ಉಳಿದಿತ್ತು.

ತಪ್ಪು ಡಬ್ಬಿಯದಲ್ಲ, ಪ್ರಶ್ನಾವಳಿಗಳದು. ಒಂದೊಂದು ಆರು ಪುಟದ ನೂರು ಪ್ರಶ್ನಾವಳಿ ಚೀಲದಲ್ಲಿ ಹಿಡಿಯಲಿಲ್ಲ. ಡಬ್ಬಿ ಹೊರಗೆ ತೆಗೆದ. ಪ್ರಶ್ನಾವಳಿ ಒಳಗೆ ಹೋಯಿತು, ಡಬ್ಬಿ ಹೊರಗೇ ಉಳಿಯಿತು. ಏಳು ವರ್ಷದಿಂದ ಅವನ ಬಾಳಿನಲ್ಲಿ ಎಲ್ಲವೂ ಹೀಗೇ. ಸಂಶೋಧನೆ ಒಳಗೆ, ಮಿಕ್ಕದ್ದೆಲ್ಲ ಹೊರಗೆ.

ಅವನ ವಿಷಯ, ಕೆಲಸದ ಅಳತೆಗೂ ಸಂಸ್ಥೆಯ ಏಳಿಗೆಗೂ ಇರುವ ಸಂಬಂಧ. ಅವನ ಪ್ರೊಫೆಸರ್ ಮೇಡಂ ಈ ವಿಷಯದಲ್ಲಿ ಬಲು ದೊಡ್ಡ ಹೆಸರು. ಮೂವತ್ತು ವರ್ಷದ ಹಿಂದೆ ಯಾವುದೋ ಕಾರ್ಖಾನೆಯ ನೂರ ನಾಲ್ಕು ಕೆಲಸಗಾರರನ್ನು ಪ್ರಶ್ನಿಸಿ 'ಅಳೆದದ್ದು ಬೆಳೆಯುತ್ತದೆ' ಎಂಬ ಸೂತ್ರ ಕೊಟ್ಟವರು. ಪ್ರತಿಯೊಬ್ಬರ ಕೆಲಸವನ್ನೂ ಅಳೆದು ಹಲಗೆಯ ಮೇಲೆ ಬರೆಯಿರಿ, ಸಂಸ್ಥೆ ತಾನಾಗಿ ಏಳುತ್ತದೆ ಎಂದು ಅದರ ಅರ್ಥ. ಅದನ್ನು ಇನ್ನೊಂದು ಕಾರ್ಖಾನೆಯಲ್ಲಿ ಸಾಬೀತು ಮಾಡಿದರೆ ಇವನಿಗೆ ಡಾಕ್ಟರೇಟ್. ಇಲ್ಲದಿದ್ದರೆ ಮುಂದಿನ ವರ್ಷ ಪಾಠ ಹೇಳುವ ಕಾಲೇಜಿನಲ್ಲಿ ಇವನಿಗೆ ತರಗತಿಯೇ ಇಲ್ಲ. ನೂರು ಪ್ರಶ್ನಾವಳಿ ತುಂಬಿಸಲು ಕೊಟ್ಟಿದ್ದ, ಎರಡು ಸಲ ಮುಂದಕ್ಕೆ ಹಾಕಿದ್ದ ಗಡುವು ಇವತ್ತು ಸಂಜೆ ಐದಕ್ಕೆ ಮುಗಿಯುತ್ತಿತ್ತು.

ಬೆಳಿಗ್ಗೆಯೇ ಮೇಡಂ ಫೋನ್ ಮಾಡಿದ್ದರು.

"ಯಾವ ಕಾರ್ಖಾನೆ?"

"ನೋಟ್‌ಬುಕ್ ಕಾರ್ಖಾನೆ ಮೇಡಂ. ನೂರಾರು ಕುಶಲ ಕೈಗಳು ಅಂತ ಯಜಮಾನರ ಪತ್ರದ ಮೇಲೇ ಅಚ್ಚಾಗಿದೆ."

"ನೂರಾರು. ಅಂದರೆ ಏನರ್ಥ?" ಮಾತಿಗೊಮ್ಮೆ ಹೀಗೆ ಕೇಳುವುದು ಅವರ ಅಭ್ಯಾಸ.

"ನೂರಕ್ಕಂತೂ ಕಮ್ಮಿ ಇಲ್ಲ ಮೇಡಂ."

"ಹೂಂ. ಐದು ಗಂಟೆಗೆ ನೂರು ಇರಬೇಕು. ತೊಂಬತ್ತೊಂಬತ್ತು ತಂದರೆ ಬಾಗಿಲಲ್ಲೇ ನಿಲ್ಲಿ."

ಕಾರ್ಖಾನೆಯ ಮೇಸ್ತ್ರಿ ಪತ್ರ ಓದಿ ತಲೆ ಕೆರೆದುಕೊಂಡರು. "ನೂರು ಜನಾನಾ? ಇಲ್ಲಿರೋದು ನಲವತ್ತೊಂದು ಸಾರ್."

"ಕಮ್ಮಿ ಮಾಡಿಬಿಟ್ರಾ?"

"ಯಾವತ್ತೂ ಅಷ್ಟೇ. ಈ ಛಾವಣಿ ಕೆಳಗೆ ನಲವತ್ತೆರಡನೆಯವರು ಬಂದ್ರೆ ಒಬ್ರು ಆಚೆ ನಿಂತ್ಕೋಬೇಕು. ನಲವತ್ತೊಂದು ಜನಕ್ಕೆ ಎಂಬತ್ತೆರಡು ಕೈ. ನೂರಕ್ಕೆ ಮಿಕ್ಕಿದ್ದು ಯಜಮಾನರ ಬಾಯಿ."

ಸಂಶೋಧಕ ಒಮ್ಮೆ ಚೀಲವನ್ನು, ಒಮ್ಮೆ ಗಡಿಯಾರವನ್ನು ನೋಡಿದ. ಆದರೂ ಮುಳುಗುವವನು ಹುಲ್ಲುಕಡ್ಡಿ ಬಿಟ್ಟಾನೆಯೇ? ಮೊದಲು ಈ ನಲವತ್ತೊಂದು ಆಗಲಿ, ಮಿಕ್ಕ ಐವತ್ತೊಂಬತ್ತು ಪಕ್ಕದಲ್ಲೆಲ್ಲಾದರೂ ಸಿಕ್ಕೀತು ಎಂದು ಪ್ರಶ್ನಾವಳಿ ಹಂಚಿದ. ಯಂತ್ರ ನಿಂತಿತು. ಎಲ್ಲರೂ ಪರೀಕ್ಷೆಗೆ ಕೂತ ಮಕ್ಕಳಂತೆ ಪೆನ್ಸಿಲ್ ಕಚ್ಚತೊಡಗಿದರು.

"ಪ್ರಶ್ನೆ ಸಾರ್," ಕಾಗದ ಕತ್ತರಿಸುವ ಯಂತ್ರದವನು ಕೈಯೆತ್ತಿದ. "ಏಳನೇದು. 'ಮೇಲಿನವರು ನನ್ನ ಮಾತನ್ನು ಕೇಳುತ್ತಾರೆ.' ನಮ್ಮ ಮೇಸ್ತ್ರಿಗೆ ಬಲಗಿವಿ ಕೇಳುತ್ತೆ, ಎಡಗಿವಿ ಕೇಳಲ್ಲ. ಯಾವ ಮನೆಗೆ ಗುರುತು ಹಾಕ್ಲಿ?"

"ನೀನು ಯಾವ ಕಡೆ ನಿಂತು ಮಾತಾಡ್ತೀಯ?"

"ಬೈಯೋದಿದ್ರೆ ಎಡಗಡೆ."

ಉದ್ದ ಮೇಜಿನ ತುದಿಯಲ್ಲಿ ಕೂತು ದಪ್ಪ ನೋಟ್‌ಬುಕ್ಕುಗಳಿಗೆ ದಾರದ ಹೊಲಿಗೆ ಹಾಕುತ್ತಿದ್ದ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರು ಹಾಳೆಯನ್ನು ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ಅವನ ಕೈಗೇ ಕೊಟ್ಟರು. "ನೀನೇ ಓದಪ್ಪ. ದೂರದ ಗಡಿಯಾರ ಕಾಣ್ಸುತ್ತೆ, ಕೈಲಿರೋ ಸೂಜಿ ಕಾಣ್ಸಲ್ಲ. ನಿನ್ನ ಅಕ್ಷರ ಸೂಜಿಗಿಂತ ಸಣ್ಣ."

ಊಟಕ್ಕೆ ಇನ್ನೂ ಹೊತ್ತಿರುವಾಗಲೇ ನಲವತ್ತೊಂದೂ ತುಂಬಿದವು, ಕೆಲಸ ಮತ್ತೆ ಶುರುವಾಯಿತು. ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಕಪ್ಪುಹಲಗೆಯ ಮೇಲೆ ಬಿತ್ತು. ಮೇಜಿನ ಸುತ್ತ ಕೂರುವ ಹದಿನೆಂಟು ಜನರ ಹೆಸರೆದುರು ನಿನ್ನೆಯ ಕೆಲಸ ಬರೆದಿತ್ತು. ಹನ್ನೆರಡು ಕಟ್ಟು, ಹನ್ನೆರಡು ಕಟ್ಟು, ಹನ್ನೆರಡು ಕಟ್ಟು. ಮೊನ್ನೆಯೂ ಹಾಗೇ. ಇಡೀ ತಿಂಗಳು ಹಾಗೇ. ಸಂಶೋಧಕನಿಗೆ ರೋಮಾಂಚನವಾಯಿತು. ಅಳೆದದ್ದು ಬೆಳೆದು, ಸಮನಾಗಿ ಬೆಳೆದು, ಗೋಡೆಯ ಮೇಲೆ ನಿಂತಿದೆ! ಆದರೆ ಸೂಜಿ ಕಾಣದ ಕಣ್ಣಿಗೆ ಹನ್ನೆರಡು ಕಟ್ಟು ಹೇಗೆ?

ಅವನು ಮೂಲೆಯಲ್ಲಿ ನಿಂತು ನೋಡಿದ. ದೊಡ್ಡಮ್ಮ ಒಂದೊಂದೇ ತೂತು ಬೆರಳಿಂದ ತಡವಿ, ಸೂಜಿ ತೂರಿಸಿ, ನಿಧಾನಕ್ಕೆ ಎಳೆಯುತ್ತಿದ್ದರು. ಹೊಲಿಗೆ ಮಾತ್ರ ಅಚ್ಚು ಹೊಡೆದಂತಿತ್ತು. ಅವರ ಪಕ್ಕದ ಹೆಂಗಸಿನ ಕೈ ಬುಗುರಿ. ಎದುರಿನವಳ ಜೊತೆ ಸೊಸೆಯ ದೂರು ಹೇಳುತ್ತಲೇ ಒಂದು ಕಟ್ಟು ಮುಗಿಸಿದಳು, ಮಾತು ತುಂಡು ಮಾಡದೆ ಮೊಣಕೈಯಿಂದ ಅದನ್ನು ತಳ್ಳಿದಳು. ಕಟ್ಟು ಸರಕ್ಕನೆ ಹೋಗಿ ದೊಡ್ಡಮ್ಮನ ಮುಂದೆ ನಿಂತಿತು. ಸ್ವಲ್ಪ ಹೊತ್ತಿಗೆ ಎದುರಿನಿಂದ ಇನ್ನೊಂದು. ಆಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬನ ಮುಂದೆ ಒಂದು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊಟ್ಟವರಿಗೆ ಕೊಟ್ಟ ನೆನಪಿಲ್ಲ, ಪಡೆದವರಿಗೆ ಸಂಕೋಚವಿಲ್ಲ.

ಏಳು ವರ್ಷದಲ್ಲಿ ಅವನು ಓದಿದ ನಾನೂರು ಲೇಖನಗಳಲ್ಲಿ ಇಂಥದೊಂದು ಸಾಲು ಇರಲಿಲ್ಲ.

"ಮೇಸ್ತ್ರಿ, ಆ ಕಟ್ಟು ಅಲ್ಲಿಂದ ಇಲ್ಲಿಗೆ..."

ಮೇಸ್ತ್ರಿ ಹಲಗೆಯತ್ತ ನೋಡಿದರು, ಯಜಮಾನರ ಖಾಲಿ ಕೋಣೆಯತ್ತ ನೋಡಿದರು. "ಅದಾ? ಮೇಜು ವಾಲಿದೆ ಸಾರ್. ಜಾರುತ್ತೆ."

ಸಂಶೋಧಕ ತನ್ನ ದುಂಡು ಪೆನ್ಸಿಲನ್ನು ಮೇಜಿನ ಮೇಲಿಟ್ಟ. ಅದು ಕದಲಲಿಲ್ಲ. ಎಮ್ಮೆ ಕೆಸರಲ್ಲಿ ಮಲಗಿದ ಹಾಗೆ ಇಟ್ಟಲ್ಲೇ ಇತ್ತು. ಮೇಸ್ತ್ರಿ ಪೆನ್ಸಿಲನ್ನೂ ನೋಡಿದರು, ಅವನನ್ನೂ ನೋಡಿದರು. ವರದಿಯ ಒಂದು ಪ್ರತಿ ಯಜಮಾನರಿಗೆ ಕೊಡುವೆನೆಂದು ಅವನು ಪತ್ರದಲ್ಲಿ ಮಾತು ಕೊಟ್ಟಿದ್ದ. ಕಂಡದ್ದನ್ನು ಬರೆದರೆ ಯಾರ ಸೂಜಿ ಮೊದಲು ಕೆಳಗೆ ಬೀಳುತ್ತದೆಂದು ತಿಳಿಯಲು ಡಾಕ್ಟರೇಟ್ ಬೇಕಾಗಿರಲಿಲ್ಲ.

ಅವನು ಟಿಪ್ಪಣಿ ಪುಸ್ತಕ ತೆಗೆದು ಮೇಸ್ತ್ರಿಗೆ ಕಾಣುವಂತೆ ಬರೆದ: 'ಮೇಜು ವಾಲಿದೆ.'

ಊಟದ ಗಂಟೆ ಹೊಡೆಯಿತು. "ಬನ್ನಿ ಸಾರ್, ಕೂತ್ಕೊಳ್ಳಿ" ಎಂದರು ಎಲ್ಲರೂ. "ಆಯ್ತು, ತಿಂದೇ ಬಂದೆ" ಎಂದು ಸುಳ್ಳು ಹೇಳಿದ. ಹೊಟ್ಟೆ ಅಲ್ಲೇ ಗುರ್ ಎಂದು ಆ ಮಾತನ್ನು ಅಲ್ಲಗಳೆಯಿತು. ಇನ್ನೂ ಐವತ್ತೊಂಬತ್ತು ಬೇಕೆಂದು ಮೇಸ್ತ್ರಿಗೆ ಹೇಳಿ, ಚೀಲ ಮೇಜಿನ ಮೇಲೇ ಬಿಟ್ಟು, ಮೊದಲು ಒಪ್ಪಿಗೆ ಕೇಳಿ ಬರೋಣವೆಂದು ಪಕ್ಕದ ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಗೆ ಓಡಿದ.

ಅಲ್ಲಿ ಕಂಕುಳಲ್ಲಿ ಫೈಲು, ಜೇಬಲ್ಲಿ ಮೂರು ಪೆನ್ನು ಕಂಡವರೇ ಇನ್‌ಸ್ಪೆಕ್ಟರು ಬಂದರೆಂದುಕೊಂಡರು. ಒಬ್ಬ ಓಡಿಹೋಗಿ ಬೆಂಕಿ ಆರಿಸುವ ಸಿಲಿಂಡರಿನ ಧೂಳು ಒರೆಸಿದ. ಮ್ಯಾನೇಜರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಫ್ಯಾನ್ ಹಾಕಿ, "ಯಜಮಾನರು ಬಂದುಬಿಡ್ತಾರೆ" ಎಂದರು.

"ನಾನು ಸಂಶೋಧಕ. ನಿಮ್ಮ ಸಂಸ್ಥೆಯ ಏಳಿಗೆ ಬಗ್ಗೆ ನಾಲ್ಕು ಪ್ರಶ್ನೆ..."

"ಗೊತ್ತು ಸಾರ್, ಗೊತ್ತು. ಹೋದ ಸಲದವರೂ ಹೀಗೇ ನಯವಾಗಿ ಶುರುಮಾಡಿದ್ರು."

ಎದ್ದರೆ ಕೂರಿಸಿದರು, ಕೂತರೆ ನೀರು ಕೊಟ್ಟರು. ನಾಲ್ಕು ಲೋಟ ನೀರು, ಎರಡೂವರೆ ಗಂಟೆ. ಕೊನೆಗೆ ಮ್ಯಾನೇಜರು ಕೆಂಪು ಬಕೆಟ್ಟೊಂದನ್ನು ಕೈಗಿಟ್ಟು, ಕಣ್ಣು ಮಿಟುಕಿಸಿ ಬೀಳ್ಕೊಟ್ಟರು. ಐವತ್ತೊಂಬತ್ತು ಜನರ ಅಭಿಪ್ರಾಯ ಕೇಳಹೋದವನು ಒಂದು ಬಕೆಟ್ ಹಿಡಿದು ಹೊರಬಂದ. ಗಂಟೆ ನಾಲ್ಕಾಗಿತ್ತು.

ಹಿಂದಿರುಗಿದಾಗ ಮೇಜಿನ ಮೇಲೆ ಪ್ರಶ್ನಾವಳಿಗಳ ಒಪ್ಪವಾದ ಕಟ್ಟು ಕೂತಿತ್ತು. ಅಂಚು ಸಮ, ದಾರ ಬಿಗಿ. ಎಣಿಸಿದ. ನೂರು! ಇನ್ನೊಮ್ಮೆ ಎಣಿಸಿದ. ನೂರು, ಒಂದೂ ಖಾಲಿಯಿಲ್ಲ.

"ಇದು... ಹೇಗೆ?"

ಮೇಸ್ತ್ರಿ ಛಾವಣಿ ನೋಡಿದರು. "ಮೇಜು ವಾಲಿದೆಯಲ್ಲ ಸಾರ್. ಜಾರಿ ಬಂದಿರ್ಬೇಕು."

ಒಂದೊಂದೇ ತೆರೆದ. 'ಸಂಪೂರ್ಣ ಒಪ್ಪುತ್ತೇನೆ', 'ಸಂಪೂರ್ಣ ಒಪ್ಪುತ್ತೇನೆ', ಎಲ್ಲ ಪುಟದಲ್ಲೂ ಅದೇ. ಒಂದರಲ್ಲಿ ಹೀಗಿತ್ತು. 'ವಯಸ್ಸು: ಎಂಬತ್ತೊಂದು. ಕೆಲಸ: ತೀರಿಕೊಂಡಿದ್ದಾರೆ.'

"ಹಳೇ ಅಂಟಿನ ಅಜ್ಜ ಸಾರ್" ಎಂದ ಕತ್ತರಿಯವನು. "ಇದ್ದಿದ್ರೆ ಖಂಡಿತಾ ಒಪ್ತಿದ್ರು."

ಇನ್ನೊಂದರಲ್ಲಿ: 'ಸೇವೆ: ಮೂರು ವರ್ಷ. ಕೆಲಸ: ಇಲಿ ಹಿಡಿಯುವುದು.' ಗೋದಾಮಿನ ಬೆಕ್ಕು ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಸಂಪೂರ್ಣ ಒಪ್ಪಿತ್ತು.

"ಹೋಗಲಿ, ಬೆಳಿಗ್ಗೆ ತುಂಬಿದ ನಿಜವಾದ ನಲವತ್ತೊಂದು ಎಲ್ಲಿ?"

"ಅವನ್ನೂ ತಿದ್ದಿಬಿಟ್ವಿ ಸಾರ್" ಎಂದರು ಮೇಸ್ತ್ರಿ. " ಬೆಳಿಗ್ಗೆ ನಿಮ್ಮ ಪರಿಚಯ ಇರ್ಲಿಲ್ಲ, ಏನೇನೋ ಬರೆದಿದ್ವಿ. ಊಟ ಮಾಡದೆ ಓಡಿದ್ರಲ್ಲ, ನೋಡಿ ಸಂಕಟ ಆಯ್ತು."

ಅವನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಸಿದ. ಬೆಳಿಗ್ಗೆ ಐವತ್ತೊಂಬತ್ತು ಕಮ್ಮಿ ಇತ್ತು, ಈಗ ನೂರೂ ಕಮ್ಮಿ. ಬೈಯೋಣವೆಂದರೆ ಎದುರಿಗೆ ನಲವತ್ತೊಂದು ಮುಖಗಳು, ಮಗುವಿನ ಕೈಗೆ ಆಟಿಕೆ ಕೊಟ್ಟು ನಗುವಿಗಾಗಿ ಕಾಯುವವರ ಹಾಗೆ.

"ಹೆದರ್ಬೇಡ ಮಗಾ" ಎಂದರು ದೊಡ್ಡಮ್ಮ, ಸೂಜಿ ನಿಲ್ಲಿಸದೆ. "ಇದೇನು ಹೊಸದಲ್ಲ. ಮೂವತ್ತು ವರ್ಷ ಆಯ್ತು, ಒಂದು ಹುಡುಗಿ ಬಂದಿತ್ತು. ಕಡ್ಡಿ ಹಾಗಿತ್ತು. ಅಗೋ, ಆ ಮೆಟ್ಟಿಲ ಮೇಲೆ ಕೂತು ಒಂದೇ ಸಮ ಅಳ್ತಿತ್ತು. ನೂರು ಜನ ಬೇಕಂತೆ, ನಾವು ಇಷ್ಟೇ. ಅಳೋ ಮಗೂನ ಹಾಗೇ ಕಳ್ಸೋಕಾಗುತ್ತಾ? ಎಲ್ಲಾ ಸೇರಿ ತುಂಬಿಸಿದ್ವಿ. ನೂರು ಕೇಳಿತ್ತು, ಮೇಲೆ ನಾಲ್ಕು ಹಾಕಿದ್ವಿ. ಅಳೆದು ಕೊಡುವಾಗ ಮೇಲೊಂದು ಹಿಡಿ ಹಾಕಲ್ವಾ, ಹಾಗೆ."

ಸಂಶೋಧಕನ ಬೆನ್ನು ನೆಟ್ಟಗಾಯಿತು. "ನೂರ ನಾಲ್ಕಾ?"

"ಹೂಂ. ಅಳ್ತಾ ಅಳ್ತಾನೂ ನಾವೇನು ಹೇಳಿದ್ರೂ 'ಅಂದರೆ ಏನರ್ಥ? ಅಂದರೆ ಏನರ್ಥ?' ಅನ್ನೋದು. ಈಗ ಎಲ್ಲಿದೆಯೋ, ಪಾಸಾಯ್ತೋ ಇಲ್ವೋ."

ಜೇಬಿನಲ್ಲಿ ಫೋನು ರಿಂಗಾಯಿತು. ಐದಕ್ಕೆ ಹತ್ತು ನಿಮಿಷ.

"ನೂರು ಆಯಿತಾ?" ಎಂದರು ಮೇಡಂ.

ಮೇಜಿನ ಮೇಲೆ ನೂರು ಇತ್ತು. ಹೂಂ ಎಂದರೆ ಡಾಕ್ಟರೇಟ್ ಉಂಟು, ತರಗತಿ ಉಂಟು, ಏಳು ವರ್ಷದಿಂದ 'ಡಾಕ್ಟ್ರೇ, ಊಟಕ್ಕೆ ಬನ್ನಿ' ಎಂದು ಮುಂಗಡವಾಗಿಯೇ ಕರೆಯುತ್ತಿರುವ ಅಕ್ಕನ ಮಾತೂ ಸತ್ಯ. ಅವನು ಬೆಕ್ಕಿನ ಪ್ರಶ್ನಾವಳಿಯನ್ನು ಬೋರಲು ಹಾಕಿದ.

"ಒಂದೂ ಆಗಲಿಲ್ಲ ಮೇಡಂ. ಇಲ್ಲಿರೋದೇ ನಲವತ್ತೊಂದು ಜನ. ಯಾವತ್ತೂ ಅಷ್ಟೇ ಇದ್ರಂತೆ."

ಫೋನು ಕಟ್ಟಾಯಿತೆಂದು ಅವನು ಕಿವಿಯಿಂದ ತೆಗೆದು ನೋಡಿದ. ಆಮೇಲೆ ಅವನಿಗೆ ಪರಿಚಯವೇ ಇರದ ಒಂದು ಸಣ್ಣ ದನಿ ಕೇಳಿಸಿತು.

"ದೊಡ್ಡಮ್ಮ... ಇನ್ನೂ ಇದ್ದಾರಾ?"

"ಇದ್ದಾರೆ ಮೇಡಂ. ಕಣ್ಣು ಅಷ್ಟಾಗಿ ಕಾಣಲ್ಲ. ಆದರೆ ದಿನಕ್ಕೆ ಹನ್ನೆರಡು ಕಟ್ಟು."

ಮೇಡಂ ನಕ್ಕರೋ ಮೂಗು ಒರೆಸಿಕೊಂಡರೋ ತಿಳಿಯಲಿಲ್ಲ. "ಪಾಸಾದೆ ಅಂತ ಹೇಳಿ ಅವರಿಗೆ. ಮೂವತ್ತು ವರ್ಷದಿಂದ ಹೇಳೋಕೆ ಮುಖ ಇರಲಿಲ್ಲ." ಕೆಮ್ಮಿದರು. ಮತ್ತೆ ಹಳೆಯ ದನಿ ಬಂತು. "ನಿಯಮ ನಿಯಮವೇ. ಇವತ್ತಿಗೆ ನಿಮ್ಮ ನೋಂದಣಿ ಮುಗಿಯಿತು. ನಾಳೆ ಬಂದು ಹೊಸ ಅರ್ಜಿ ಹಾಕಿ, ನಾನೇ ಸಹಿ ಮಾಡುತ್ತೇನೆ. ವಿಷಯ: 'ಅಳೆದದ್ದು ಬೆಳೆಯುತ್ತದೆ' ಸೂತ್ರ ಯಾಕೆ ತಪ್ಪು. ಮೊದಲ ಪುಟದಿಂದ ಶುರುಮಾಡಿ. ಆ ಜಾಗದ ಗುರುತು ಮಾತ್ರ ಎಲ್ಲೂ ಬರಬಾರದು."

"ಆಗಲಿ ಮೇಡಂ."

"ಅರ್ಜಿ ಒಂಬತ್ತು ಪುಟ ಇದೆ. ನೀವೇ ತುಂಬಿ. ಅಲ್ಲಿ ಯಾರ ಕೈಗೂ ಕೊಡಬೇಡಿ!"

ಫೋನು ಇಟ್ಟ. ಏಳು ವರ್ಷ ಹಾವು ಏಣಿಯಾಟದ ಕೊನೆಯ ಮನೆಯವರೆಗೆ ಹತ್ತಿ, ಹಾವಿನ ಬಾಯಿಂದ ಜಾರಿ, ಒಂದನೆಯ ಮನೆಗೆ ಬಂದು ನಿಂತಿದ್ದ. ಜೊತೆಗೊಂದು ಕೆಂಪು ಬಕೆಟ್.

"ಆ ಹುಡುಗಿ ಪಾಸಾಯ್ತಂತೆ ದೊಡ್ಡಮ್ಮ."

"ಹೌದಾ? ಒಳ್ಳೇದಾಯ್ತು" ಎಂದರು ದೊಡ್ಡಮ್ಮ. ಒಂದು ತೂತು ತಡವಿದರು, ಸೂಜಿ ತೂರಿಸಿದರು. "ನೀನು?"

ಅವನು ಇಲ್ಲವೆಂದು ತಲೆಯಾಡಿಸಿದ. ಅಷ್ಟು ದೂರದ್ದು ಅವರಿಗೆ ಚೆನ್ನಾಗಿಯೇ ಕಾಣಿಸಿತು.

ಸೊಸೆಯ ದೂರು ಬಿಟ್ಟಲ್ಲಿಂದ ಮತ್ತೆ ಶುರುವಾಯಿತು. ಮೇಸ್ತ್ರಿ ಹಲಗೆಯ ಮೇಲೆ ಹನ್ನೆರಡು, ಹನ್ನೆರಡು ಎಂದು ಬರೆಯತೊಡಗಿದರು. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಒಂದು ಸ್ಟೀಲಿನ ಡಬ್ಬಿ ಹೊರಟಿತು. ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ತುತ್ತು ತೆಗೆದಿಟ್ಟು ತುಂಬಿಸಿದ ಡಬ್ಬಿ. ಒಂದು ಮೊಣಕೈಯಿಂದ ಇನ್ನೊಂದಕ್ಕೆ, ಪಟ್ಟಿ ಕಟ್ಟಿದ ಕೈಯಿಂದ ಬುಗುರಿ ಕೈಗೆ, ಅಲ್ಲಿಂದ ದೊಡ್ಡಮ್ಮನ ಮುಂದಕ್ಕೆ ಬಂತು. ದೊಡ್ಡಮ್ಮ ಮುಚ್ಚಳ ಬಿಗಿಯಾಗಿದೆಯೇ ಎಂದು ಬೆರಳಿಂದ ಒಮ್ಮೆ ತಡವಿ ನೋಡಿದರು. ಆಮೇಲೆ ತಲೆಯೆತ್ತದೆ, ಸೂಜಿ ಬಿಡದೆ, ಮೊಣಕೈಯಿಂದ ಮೆಲ್ಲಗೆ ಅವನತ್ತ ತಳ್ಳಿದರು.