ಮೂರು ಸಾವಿರ ಆಟ, ಒಂದು ತೋಟ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೆಟ್ಟು ನಿಂತದ್ದನ್ನು ರಿಪೇರಿ ಮಾಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಆ ಪೈಕಿ ಅಲ್ಲ. ಕೆಟ್ಟದ್ದನ್ನು ಕಂಡರೆ ನನಗೆ ಭಯ. ಚೆನ್ನಾಗಿರುವುದನ್ನು ಇನ್ನೂ ಚೆನ್ನಾಗಿ ಮಾಡಿಬಿಡೋಣ ಅನ್ನುವುದೇ ನನ್ನ ಕಾಯಿಲೆ. ಮಿಕ್ಸಿ ಸ್ವಲ್ಪ ಸದ್ದು ಜಾಸ್ತಿ ಮಾಡುತ್ತದೆ ಎಂದು ಒಮ್ಮೆ ಬಿಚ್ಚಿದೆ. ಈಗ ಅದು ಸದ್ದೂ ಮಾಡುವುದಿಲ್ಲ, ಚಟ್ನಿಯನ್ನೂ ಮಾಡುವುದಿಲ್ಲ. ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತಿದ್ದ ಗೋಡೆ ಗಡಿಯಾರ ನನ್ನ ಕೈಗೆ ಸಿಕ್ಕಿದ ಮೇಲೆ ಅಲಂಕಾರಕ್ಕೆ ಮಾತ್ರ ತೂಗುತ್ತಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವನಾದ್ದರಿಂದ ಶಿಡ್ಲಘಟ್ಟದ ನಮ್ಮ ಬೀದಿಯವರು ಮೊದಮೊದಲು ನನ್ನನ್ನು ನಂಬುತ್ತಿದ್ದರು. ಈಗ ನಾನು ಬಾಗಿಲಿಗೆ ಬಂದರೆ ಟಿವಿ ರಿಮೋಟನ್ನು ಸೆರಗಿನಡಿ ಬಚ್ಚಿಡುತ್ತಾರೆ. ನನ್ನ ಹೆಂಡತಿ ನಾಗವೇಣಿ ಇಂಥ ಹೊತ್ತಿನಲ್ಲೆಲ್ಲ ಒಂದೇ ಮಾತು ಹೇಳುತ್ತಾಳೆ: "ಮುಟ್ಟಿದ್ರಾ? ಮುಗೀತು ಬಿಡಿ." ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಮಾತ್ರ ಅವಳು ಆ ಮಾತನ್ನೂ ಆಡಲಿಲ್ಲ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತು ಹಾಯಾಗಿರುತ್ತಿದ್ದೆ.

ಮೂರು ವರ್ಷದ ಹಿಂದೆ ಆನ್‌ಲೈನಿನಲ್ಲಿ ಒಂದು ಪುಟ್ಟ ಗೇಮ್ ಯಂತ್ರ ತರಿಸಿದ್ದೆ. ಅಂಗೈಯಲ್ಲಿ ಹಿಡಿದು ಆಡುವಂಥದ್ದು, ಸೋಪಿನ ಡಬ್ಬಿಯಷ್ಟು ಗಾತ್ರ. ಹಳೆಯ ಕಾಲದ ವಿಡಿಯೋ ಗೇಮುಗಳನ್ನೆಲ್ಲ ಅದರಲ್ಲಿ ಆಡಬಹುದು. ಕಾಲೇಜಿನ ದಿನಗಳಲ್ಲಿ ಚಿಕ್ಕಬಳ್ಳಾಪುರದ ಗೇಮ್ ಪಾರ್ಲರಿನ ಬೆಂಚಿನ ಮೇಲೆ ಕ್ಲಾಸಿಗಿಂತ ಹೆಚ್ಚು ಹಾಜರಿ ಹಾಕಿದವನು ನಾನು. ಆ ಪ್ರತಾಪವನ್ನು ಮತ್ತೆ ಮೆರೆಯುವ ಆಸೆಯಿಂದ ತರಿಸಿದೆ. ಬಂದ ಎರಡೇ ವಾರಕ್ಕೆ ಗೊತ್ತಾಯಿತು, ಬೆರಳುಗಳಿಗೆ ವಯಸ್ಸಾಗಿತ್ತು. ಮೊದಲನೇ ಮಟ್ಟದ ರಾಕ್ಷಸನೇ ನನ್ನನ್ನು ಹನ್ನೆರಡು ಸಲ ಕೊಂದ. ಯಂತ್ರ ಶೋಕೇಸು ಸೇರಿತು. ಅದೇ ಸಮಯಕ್ಕೆ ನಾಗವೇಣಿಗೆ ಚಿಂತಾಮಣಿಯ ಕಚೇರಿಗೆ ವರ್ಗವಾಯಿತು. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಒಂದು ದಿನ ಅವಳೇ ಯಂತ್ರವನ್ನು ಕೈಗೆತ್ತಿಕೊಂಡು, "ಇದನ್ನ ಬಸ್ಸಲ್ಲಿ ನೋಡ್ತಿರ್ಲಾ?" ಎಂದಳು. ಬೇಸಾಯದ ಒಂದು ಆಟ ಅವಳಿಗೆ ಹಿಡಿಸಿತು. ಕಲ್ಲು ಕಳೆ ತುಂಬಿದ ತುಂಡು ಜಮೀನು ಕೊಡುತ್ತಾರೆ, ಅದನ್ನು ಹಸನು ಮಾಡಿ ಬೆಳೆ ತೆಗೆಯಬೇಕು, ದನ ಕೋಳಿ ಸಾಕಬೇಕು. ರೈತರ ಮನೆಯ ಹೆಣ್ಣು ಬಸ್ಸಿನಲ್ಲಿ ಕೂತು ಸುಳ್ಳು ಬದನೆಗೆ ಸುಳ್ಳು ನೀರು ಹಾಕುತ್ತಾಳಲ್ಲ ಎಂದು ನಾನು ನಕ್ಕಿದ್ದೆ. ಮೂರು ವರ್ಷದಲ್ಲಿ ಒಂದು ದಿನವೂ ಆ ತೋಟ ಹೇಗಿದೆ ಎಂದು ಇಣುಕಿ ನೋಡಿದವನಲ್ಲ.

ನನ್ನ ತಲೆಗೆ ಹುಳ ಬಿಟ್ಟವರು ನಮ್ಮ ಶಾಲೆಯ ಗಣಿತದ ಮೇಷ್ಟ್ರು ವೆಂಕಟರವಣಪ್ಪ. ಒಂದು ದಿನ ಸ್ಟಾಫ್ ರೂಮಿನಲ್ಲಿ ಮಾತಿಗೆ ಮಾತು ಬಂದು ಯಂತ್ರದ ವಿಷಯ ತೆಗೆದೆ. ಅವರು ಟಿಫನ್ ಡಬ್ಬಿ ಮುಚ್ಚಿ ನನ್ನನ್ನು ಕನಿಕರದಿಂದ ನೋಡಿದರು. "ಏನ್ ಸಾರ್, ಇನ್ನೂ ಕಂಪನಿ ಹಾಕ್ಕೊಟ್ಟಿರೋ ಸಾಫ್ಟ್‌ವೇರಲ್ಲೇ ಇದೀರಾ? ಸೈನ್ಸ್ ಮೇಷ್ಟ್ರಾಗಿ? ಕಸ್ಟಮ್ ಫರ್ಮ್‌ವೇರ್ ಹಾಕಿ ಸಾರ್." ಫರ್ಮ್‌ವೇರ್ ಅಂದರೆ ಯಂತ್ರದ ಒಳಗೆ ಕೂತು ಅದನ್ನು ನಡೆಸುವ ಮೂಲ ತಂತ್ರಾಂಶ. ಕಂಪನಿಯದನ್ನು ತೆಗೆದು, ಯಾರೋ ಪುಣ್ಯಾತ್ಮರು ಕೂತು ಬರೆದು ಪುಕ್ಕಟೆ ಹಂಚುವ ಹೊಸದನ್ನು ಹಾಕುವುದೇ ಕಸ್ಟಮ್ಮು. ಪರದೆ ಚಂದ ಕಾಣುತ್ತದೆ, ಬ್ಯಾಟರಿ ಹೆಚ್ಚು ಬಾಳುತ್ತದೆ, ಮೂರು ಸಾವಿರ ಆಟ ತುಂಬಬಹುದು ಎಂದೆಲ್ಲ ಅವರು ವರ್ಣಿಸಿದರು. ಅವರ ಹತ್ತಿರ ಅಂಥ ಯಂತ್ರವೇ ಇಲ್ಲ, ಎಲ್ಲ ವಿಡಿಯೋ ನೋಡಿದ ಜ್ಞಾನ ಎಂದು ನನಗೆ ತಿಳಿದದ್ದು ಆಮೇಲೆ. ನಾಗವೇಣಿಗೆ ಹೇಳದೆ ಮಾಡಿ, ಬೆರಗುಗೊಳಿಸಬೇಕು ಎಂದು ಅಂದೇ ನಿಶ್ಚಯಿಸಿದೆ.

ಭಾನುವಾರ ಮಧ್ಯಾಹ್ನ ಅವಳು ಊಟ ಮುಗಿಸಿ ಮಲಗಿದ್ದಾಗ ಯಂತ್ರದ ಮೆಮೊರಿ ಕಾರ್ಡು ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ವಿಧಾನವನ್ನೆಲ್ಲ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿದ್ದರು. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಆಮೇಲೆ ಉತ್ತರ ಬರೀರೋ ಎಂದು ಮಕ್ಕಳಿಗೆ ವರ್ಷವಿಡೀ ಬಾಯಿ ಬಡಿದುಕೊಳ್ಳುವ ನಾನು ನೇರವಾಗಿ ಮೂರನೇ ಪುಟಕ್ಕೆ ಹಾರಿದೆ. ಕಾರ್ಡಿನಲ್ಲಿ ಆಡಿ ಉಳಿಸಿದ್ದನ್ನೆಲ್ಲ ಮೊದಲು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ ಎಂದು ಮೊದಲನೇ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಇತ್ತಂತೆ. ಕಾರ್ಡಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಲ್ಯಾಪ್‌ಟಾಪು ಕೇಳಿತು. ಇಲ್ಲಿ ನಾನು ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ರೇಷ್ಮೆ ಹುಳು ಸಾಕುತ್ತಿದ್ದರು. ಗೂಡು ಮಾರ್ಕೆಟ್ಟಿಗೆ ಹೋದ ಮಾರನೇ ದಿನ ಹುಳು ಮನೆಯಲ್ಲಿ ಒಂದು ಕಡ್ಡಿ ಉಳಿಯುವಂತಿರಲಿಲ್ಲ. ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲ ಬಿಸಿಲಿಗೆ. ನೆಲ, ಗೋಡೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆಯಬೇಕು, ಸುಣ್ಣ ಎರಚಬೇಕು. "ಹಳೇ ಬೆಳೇದು ಒಂದು ಕಸ ಉಳಿದ್ರೂ ಹೊಸ ಹುಳ ಬದುಕಲ್ಲ ಕಣಪ್ಪ" ಎಂದು ಅಪ್ಪ ಮೂಗಿಗೆ ಟವಲು ಕಟ್ಟಿಕೊಂಡೇ ಕೂಗುತ್ತಿದ್ದರು. ನನ್ನ ಬಾಲ್ಯದ ರಜೆಗಳೆಲ್ಲ ಆ ವಾಸನೆಯಲ್ಲೇ ಕಳೆದವು. ಹಾಗಾಗಿ ಅಳಿಸಲೇ ಎಂದು ಕೇಳಿದಾಗ ನನಗೆ ಅನುಮಾನವೇ ಬರಲಿಲ್ಲ; ಶುದ್ಧ ಮಾಡುತ್ತಿದ್ದೇನೆ ಎಂಬ ಹೆಮ್ಮೆಯಿಂದ ಹೌದು ಒತ್ತಿದೆ. ಖಂಡಿತವಾಗಿಯೂ ಅಳಿಸಲೇ ಎಂದು ಅದು ಮತ್ತೊಮ್ಮೆ ಕೇಳಿತು. ಲ್ಯಾಪ್‌ಟಾಪು ನನ್ನನ್ನು ಎರಡೆರಡು ಸಲ ಕೇಳಿತು, ನಾನು ಪಕ್ಕದ ಕೋಣೆಯಲ್ಲಿದ್ದ ಹೆಂಡತಿಯನ್ನು ಒಂದು ಸಲವೂ ಕೇಳಲಿಲ್ಲ.

ಅವಳು ಎದ್ದು ಕಾಫಿಗೆ ಹಾಲಿಡುವಷ್ಟರಲ್ಲಿ ಎಲ್ಲ ಸಿದ್ಧವಾಗಿತ್ತು. ಬಣ್ಣಬಣ್ಣದ ಪರದೆ, ಗಂಟೆ ಬಾರಿಸಿದಂಥ ಸದ್ದು. "ನೋಡು ವೇಣಿ, ಮೂರು ಸಾವಿರ ಆಟ!" ಎಂದು ಅವಳ ಕೈಗಿಟ್ಟೆ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಪಟ್ಟಿಯಲ್ಲಿ ಇಳಿದಳು, ಹತ್ತಿದಳು. "ನನ್ ತೋಟ ಎಲ್ಲಿ?" ಎಂದಳು. ಅದೇ ಆಟ ಇಲ್ಲೇ ಇದೆಯಲ್ಲ ಎಂದು ಬೆರಳಿಟ್ಟು ತೋರಿಸಿದೆ. ತೆರೆದಳು. ಕಲ್ಲು, ಕಳೆ, ಮುರಿದ ಬೇಲಿ. ನಿಮ್ಮ ಹೆಸರೇನು ಎಂದು ಆಟ ಅವಳನ್ನು ಹೊಸಬಳಂತೆ ಕೇಳುತ್ತಿತ್ತು.

"ಆಟ ಇದೆ ಕಣ್ರೀ," ಎಂದಳು. "ತೋಟ ಇಲ್ಲ."

ಒಲೆಯ ಮೇಲೆ ಹಾಲು ಉಕ್ಕಿತು. ಹೋಗಿ ಅದನ್ನು ಒರೆಸಿದಳು, ಬಹಳ ಹೊತ್ತು ಒರೆಸಿದಳು. ನನಗೆ ಆಗಲೂ ಪೂರ್ತಿ ಅರ್ಥವಾಗಿರಲಿಲ್ಲ, ಕೇಳಿ. "ಅದಕ್ಕೇನಂತೆ, ಮತ್ತೆ ಮಾಡ್ಕೋಬಹುದಲ್ಲ" ಎಂದುಬಿಟ್ಟೆ. ಅವಳು ಬಟ್ಟೆ ಹಿಂಡಿ ಒಣಗಲು ಹಾಕಿ, ನನ್ನ ಕಡೆ ತಿರುಗದೆ ಹೇಳಿದಳು: "ಈ ಮನೇಲಿ ಸಾರಿಗೆ ಉಪ್ಪು ಎಷ್ಟು ಅಂತಾನೂ ನಾಲ್ಕು ಜನ ಹೇಳ್ತಾರೆ. ಆಫೀಸಲ್ಲಿ ಫೈಲು ಎಲ್ಲಿಡ್ಬೇಕು ಅಂತ ಇನ್ನು ನಾಲ್ಕು ಜನ. ಅಲ್ಲಿ ಬದನೆ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳ್ತಿರ್ಲಿಲ್ಲ. ಹೋಗ್ಲಿ ಬಿಡಿ, ಕಾಫಿ ತಗೊಳ್ಳಿ." ಆ ಕಾಫಿಯನ್ನು ನಾನು ಹೇಗೆ ಕುಡಿದೆನೋ ದೇವರಿಗೇ ಗೊತ್ತು.

ಮಾರನೇ ದಿನ ಶಾಲೆಗೆ ರಜೆ ಹಾಕಿ ಕಾರ್ಡನ್ನು ಚಿಕ್ಕಬಳ್ಳಾಪುರಕ್ಕೆ ಒಯ್ದೆ. ಅಲ್ಲೊಂದು ಕಂಪ್ಯೂಟರ್ ಅಂಗಡಿಯಲ್ಲಿ ಅಳಿಸಿಹೋದ ಮದುವೆ ಫೋಟೋಗಳನ್ನೆಲ್ಲ ವಾಪಸು ತೆಗೆದುಕೊಡುತ್ತಾರೆಂದು ಕೇಳಿದ್ದೆ. ಅಂಗಡಿಯಾತ ಅರ್ಧ ಗಂಟೆ ಏನೇನೋ ಓಡಿಸಿ ನೋಡಿ ತಲೆಯಾಡಿಸಿದ. "ಅಳಿಸಿ ಸುಮ್ನಿದ್ದಿದ್ರೆ ಏನಾದ್ರೂ ಎತ್ಬೋದಿತ್ತು ಸಾರ್. ನೀವು ಅದರ ಮೇಲೆ ಗಾಡಿ ಲೋಡು ತುಂಬಿದೀರ. ಇದರಲ್ಲಿ ಎಷ್ಟು ಆಟ ಆಡಿದ್ರಿ ಇವಾಗ?" ಎಂದ. ಒಂದನ್ನೂ ಆಡಿಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ವಾಪಸು ಬಂದು ಯಂತ್ರವನ್ನು ನಾಗವೇಣಿಯ ಬ್ಯಾಗಿನ ಪಕ್ಕದಲ್ಲಿಟ್ಟೆ. ಮರುದಿನ ಬೆಳಿಗ್ಗೆ ಅವಳು ಅದನ್ನು ಶೋಕೇಸಿನಲ್ಲಿಟ್ಟು ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೊರಟಳು. ಮುನಿಸಿಕೊಂಡಿರಲಿಲ್ಲ. ಸಂಜೆ ಎಂದಿನಂತೆ ಮಾತಾಡಿದಳು, ಮುದ್ದೆ ತಿರುವಿದಳು, ನನ್ನ ಜೋಕಿಗೆ ನಕ್ಕಳು ಕೂಡ. ಬಸ್ಸಿನಲ್ಲಿ ಏನು ಮಾಡುತ್ತೀಯ ಈಗ ಎಂದು ಕೇಳಿದ್ದಕ್ಕೆ, "ಕಿಟಕಿ ಆಚೆ ನೋಡ್ತೀನಿ" ಎಂದಳು.

ತಿಂಗಳು ಕಳೆದ ಮೇಲೆ ನನಗೆ ಚಿಂತಾಮಣಿಯಲ್ಲಿ ಶಿಕ್ಷಕರ ತರಬೇತಿ ಬಿತ್ತು. ಅಂದು ನಾಗವೇಣಿ ರಜೆ ಹಾಕಿ ಗೌರಿಬಿದನೂರಿನ ತವರಿಗೆ ಹೋಗಿದ್ದಳು. ಅವಳು ಹೋಗುವ ಬಸ್ಸನ್ನೇ ಹತ್ತಿದೆ. ಅವಳನ್ನು ಬೈಕಿನಲ್ಲಿ ಬಿಡಲು ಬರುವ ನನ್ನ ಮುಖ ಪರಿಚಯವಿದ್ದ ಕಂಡಕ್ಟರು, "ಏಂ ಸಾರ್, ಮೇಡಂ ರಾಲೇದಾ?" ಎಂದು ಮೇಡಂ ಬಾರದಿದ್ದುದನ್ನು ತೆಲುಗಿನಲ್ಲಿ ವಿಚಾರಿಸಿ ಟಿಕೆಟು ಹರಿದ. ಪಕ್ಕದ ಸೀಟಿನಲ್ಲಿದ್ದ ಹೆಣ್ಣುಮಗಳೊಬ್ಬರು ನಗುತ್ತಾ, "ನಾನು ಶಬಾನಾ ಅಂತ ಸಾರ್, ಚಿಂತಾಮಣಿ ಬ್ಯಾಂಕಲ್ಲಿರೋದು. ನಾಗವೇಣಿ ಅಕ್ಕ ನಾನು ದಿನಾ ಜೊತೇಲೇ ಹೋಗೋದು" ಎಂದು ಪರಿಚಯ ಹೇಳಿಕೊಂಡರು. ಆಮೇಲೆ ದನಿ ತಗ್ಗಿಸಿ, "ತೋಟ ಹೋಯ್ತಂತೆ ಸಾರ್. ಯಂತ್ರ ಕೆಟ್ಟೋಯ್ತು ಅಂದ್ರು ಅಕ್ಕ" ಎಂದರು. ಯಂತ್ರ ಕೆಟ್ಟಿತು! ನಾನು ಕೆಡಿಸಿದೆ ಎಂದು ಅವಳು ಯಾರಿಗೂ ಹೇಳಿರಲಿಲ್ಲ.

"ನಮ್ಮ ಸೀಟಿನವರೆಲ್ಲ ನೋಡ್ತಿದ್ವಿ ಸಾರ್," ಶಬಾನಾ ಮುಂದುವರಿಸಿದರು. "ಬೇಸಾಯಕ್ಕೆ ನಮ್ಮನ್ನ ಸೇರಿಸ್ತಿರ್ಲಿಲ್ಲ, ಅದೆಲ್ಲಾ ಅಕ್ಕಂದೇ. ಹೆಸರಿಡೋದು ಮಾತ್ರ ನಮ್ಮ ಕೆಲಸ. ಒಂದು ಹಸುಗೆ ನಮ್ಮ ಅಮ್ಮೀ ಹೆಸರು. ಕಂಡಕ್ಟರ್ ಅಣ್ಣನ ಹೆಸರಲ್ಲಿ ಕೋಳಿ ಇತ್ತು, ಮೊಟ್ಟೆ ಇಟ್ಟ ದಿನ ಅವರಿಗೆ ಹೇಳ್ಬೇಕಿತ್ತು."

"ನಿಮ್ಮಕ್ಕ ಯಾರ ಹೆಸರಿಟ್ಟಿದ್ದಳು?" ಎಂದೆ.

ಅವರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕರು. "ಬೇಜಾರ್ ಮಾಡ್ಕೋಬೇಡಿ ಸಾರ್. ನಾಯಿಗೆ ಸೀನ ಅಂತ ಇಟ್ಟಿದ್ರು. ದಿನಾ ಒಂದ್ಸಲ ತಲೆ ಸವರದಿದ್ರೆ ಅದು ಮುನಿಸ್ಕೊಂಡು ಮೂಲೆ ಸೇರ್ತಿತ್ತು. ಅದಕ್ಕೆ ಚಿಂತಾಮಣಿ ಬರೋದ್ರೊಳಗೆ ಅಕ್ಕ ಏನು ಬಿಟ್ರೂ ಅದೊಂದು ಬಿಡ್ತಿರ್ಲಿಲ್ಲ. ಸೀನ ಅಂದ್ರೆ ಯಾರು ಅಂತ ಕೇಳಿದ್ರೆ ಹೇಳ್ತಾನೇ ಇರ್ಲಿಲ್ಲ. ನಿಮ್ಮ ಪೂರ್ತಿ ಹೆಸರು ಗೊತ್ತಾದ್ಮೇಲೆ ನಾವೇ ಕಂಡುಹಿಡಿದ್ವಿ."

ನನ್ನ ಹೆಸರು ಶ್ರೀನಿವಾಸ. ಸೀನ ಎಂದು ಕರೆಯುತ್ತಿದ್ದವರು ನಮ್ಮಮ್ಮ ಒಬ್ಬರೇ. ನಾಗವೇಣಿ ಮದುವೆಯಾದಾಗಿನಿಂದ ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ, ಎಲ್ಲದಕ್ಕೂ 'ರೀ'. ಅಂಥವಳು ಮೂರು ವರ್ಷ ಬಸ್ಸಿನಲ್ಲಿ ದಿನಾ ನನ್ನ ಹೆಸರು ಓದಿ ತಲೆ ಸವರುತ್ತಿದ್ದಳು. ಆ ತಲೆಯನ್ನು ನಾನು ಹೌದು ಒತ್ತಿ ಅಳಿಸಿದ್ದೆ, ಎರಡೆರಡು ಸಲ. ತರಬೇತಿಯಲ್ಲಿ ಅವತ್ತು ಏನು ಹೇಳಿಕೊಟ್ಟರೋ ಒಂದಕ್ಷರ ನೆನಪಿಲ್ಲ.

ಅಂದಿನಿಂದ ನಾನೇ ಬೇಸಾಯಕ್ಕೆ ಇಳಿದಿದ್ದೇನೆ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಯಂತ್ರ ಹಿಡಿದು ಕೂತು ಕಲ್ಲು ಹೆಕ್ಕುತ್ತೇನೆ, ಕಳೆ ಕೀಳುತ್ತೇನೆ. ನಾನು ನಕ್ಕಷ್ಟು ಸುಲಭದ ಕೆಲಸವಲ್ಲ ಅದು. ಮೊದಲ ಬೆಳೆ ಪೂರ್ತಿ ಒಣಗಿತು, ಎರಡನೆಯದನ್ನು ಕಾಗೆ ತಿಂದಿತು. ಒಂದು ದಿನ ನಾಗವೇಣಿ ಹಿಂದೆ ಬಂದು ನಿಂತದ್ದು ತಿಳಿದು, "ಇಲ್ಲಿ ಬದನೆ ಹಾಕ್ಲಾ, ಟೊಮೇಟೊ ಹಾಕ್ಲಾ?" ಎಂದು ವಿನಯದಿಂದ ಕೇಳಿದೆ. "ನಿಮ್ಮ ತೋಟ, ನಿಮ್ಮಿಷ್ಟ" ಎಂದು ಒಳಗೆ ಹೋದಳು. ಕಳೆದ ವಾರ ನನ್ನ ತೋಟಕ್ಕೂ ಒಂದು ನಾಯಿ ಬಂತು. ಹೆಸರೇನಿಡುತ್ತೀರಿ ಎಂದು ಆಟ ಕೇಳಿತು. ಅವಳ ಬಾಯಿಂದ ಆ ಎರಡಕ್ಷರ ಕೇಳುವ ದುರಾಸೆಯಿಂದ ಯಂತ್ರವನ್ನು ಅವಳ ಮುಂದೆ ಹಿಡಿದು, "ನೀನೇ ಒಂದು ಹೆಸರು ಹೇಳೇ" ಎಂದೆ. ಅವಳು ಪರದೆಯ ಮೇಲಿನ ಮರಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹೆಸರಿಡ್ಬೇಡಿ ರೀ," ಎಂದಳು. "ಇಟ್ಮೇಲೆ ಕಷ್ಟ."

ಹೆಸರು ಕೊಡದಿದ್ದರೂ ಆಟವೇನೂ ನಿಲ್ಲುವುದಿಲ್ಲ. ಶಾಲೆಗೆ ಹೊರಡುವ ಮುಂಚೆ ಅದರ ತಲೆ ಸವರುತ್ತೇನೆ, ಅದು ಬಾಲ ಆಡಿಸುತ್ತದೆ. ಆದರೆ ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಶಬಾನಾ ಅವರಿಗೆ ತೋರಿಸಿದರೆ ಅವರು ಮುಲಾಜಿಲ್ಲದೆ ತೀರ್ಪು ಕೊಟ್ಟರು: "ಸೀನ ಇನ್ನೂ ಒಳ್ಳೇವನಾಗಿದ್ದ ಸಾರ್. ಬಾಗಿಲಲ್ಲಿ ಕೂತ್ಕೊಂಡು ಬೇಲಿ ಕಾಯ್ತಿದ್ದ, ಅಕ್ಕನ ತೋಟದೊಳಗೆ ಒಂದು ದಿನಾನೂ ಕಾಲಿಡ್ಲಿಲ್ಲ."