ನನ್ನ ಕುರಿ ಸಾರಿನಿಂದ ನಿಂತುಹೋದ ಫುಟ್‌ಬಾಲು

ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನಿಂದ ಒಂದು ಕಾಲೇಜಿಗೆ ಎಷ್ಟು ಕೆಡುಕಾಗಬಹುದು ಎಂದು ಯಾರಾದರೂ ಕೇಳಿದ್ದರೆ, ಹೆಚ್ಚೇನೂ ಆಗಲಾರದು ಎಂದೇ ನಾನು ಹೇಳುತ್ತಿದ್ದೆ. ಓದಿದವರ ಕೆಡುಕನ್ನು ಓದಿದವರೇ ಮಾಡಿಕೊಳ್ಳಬೇಕು. ಹೊರಗಿನವರಿಗೆ ಅದರಲ್ಲಿ ಕೈಯಾಡಿಸಲು ಜಾಗ ಕಡಿಮೆ. ಆದರೆ ಮಂಡ್ಯದ ರೈಲ್ವೆ ಸ್ಟೇಷನ್ನಿನ ಹತ್ತಿರ ಮಿಲಿಟರಿ ಹೋಟೆಲು ಇಟ್ಟುಕೊಂಡಿರುವ ನಾನು, ಕಾಲೇಜಿನ ಮೆಟ್ಟಿಲನ್ನು ಒಂದು ಸಲವೂ ತುಳಿಯದೆ, ಅಲ್ಲಿಯ ಫುಟ್‌ಬಾಲ್ ತಂಡ ಎರಡು ವರ್ಷದ ಪಂದ್ಯದಿಂದಲೇ ಹೊರಬೀಳುವ ಹಾಗೆ ಮಾಡಿಬಿಟ್ಟೆ. ಅದೂ ದ್ವೇಷದಿಂದಲ್ಲ, ಪ್ರೀತಿಯಿಂದ. ಆ ಗಾಬರಿಯಿಂದ ನಾನಿನ್ನೂ ಸುಧಾರಿಸಿಕೊಂಡಿಲ್ಲ. ಸೌಟು ಹಿಡಿದಾಗಲೆಲ್ಲ ಕೈ ಒಂದು ಗಳಿಗೆ ತಡೆಯುತ್ತದೆ.

ನನ್ನ ಹೆಸರು ನಿಂಗೇಗೌಡ. ಉಣ್ಣಲು ಬರುವವರ ಬಾಯಲ್ಲಿ ನಿಂಗಣ್ಣ. ಅಪ್ಪ ಸ್ಲೇಟು ಕಿತ್ತುಕೊಂಡು ಒಲೆಯ ಮುಂದೆ ಕೂರಿಸಿದ ದಿನದಿಂದ ಇಂದಿನವರೆಗೆ ಕೋಳಿ ಕೂಗುವ ಮೊದಲು ಎದ್ದು ಬೆಂಕಿ ಹೊತ್ತಿಸಿದ್ದೇನೆ. ರಾಗಿ ದುದ್ದ ಎಂಬ ಊರಿನ ನಮ್ಮ ಸ್ವಂತ ಹೊಲದ್ದು. ಕುರಿಗೆಂದು ಬಂಡೂರಿಗೆ ನಾನೇ ಹೋಗುತ್ತೇನೆ. ಬೆನ್ನು ಒತ್ತಿ ನೋಡದೆ ಒಂದು ಕುರಿಯನ್ನೂ ತಂದವನಲ್ಲ. ಹೀಗಾಗಿ ನನ್ನ ಸಾರಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಸ್ವಲ್ಪ ಎಂದದ್ದು ಬರೆಯುವಾಗಿನ ಮರ್ಯಾದೆಗೆ. ಒಮ್ಮೆ ಮದ್ದೂರಿನ ಕಡೆ ಜಮೀನು ಅಳೆಸಲು ಹೊರಟಿದ್ದ ಸಾಹೇಬರೊಬ್ಬರು ದಾರಿಯಲ್ಲಿ ನನ್ನಲ್ಲಿ ಉಂಡು, ಒಂದು ಗಳಿಗೆ ಎಂದು ಬೆಂಚಿನ ಮೇಲೆ ಒರಗಿ, ಕಣ್ಣು ಬಿಟ್ಟಾಗ ಸೂರ್ಯ ಮುಳುಗಿದ್ದ. ಅಂದು ಅಳೆಯಬೇಕಾಗಿದ್ದ ಜಮೀನು ಅಳೆಯದೆಯೇ ಉಳಿಯಿತು. ಈ ಕಥೆಯನ್ನು ನಾನು ಬಂದವರಿಗೆಲ್ಲ ಹೇಳುತ್ತಿದ್ದೆ. ಇದನ್ನು ಯಾರಾದರೂ ದೂರು ಎಂದು ತಿಳಿಯಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ಅಂಥ ಕಾಲದಲ್ಲಿ ನಮ್ಮೂರಿನ ಕೆಲವರು ಸೇರಿ ಒಂದು ಇಂಟರ್‌ಮೀಡಿಯೆಟ್ ಕಾಲೇಜು ತೆರೆದಿದ್ದರು. ಕಟ್ಟಡ ಬಾಡಿಗೆಯದು, ಬೆಂಚುಗಳು ಎರವಿನವು. ಸ್ವಂತದ್ದು ಎಂದು ಹೇಳಿಕೊಳ್ಳಲು ಇದ್ದದ್ದು ಫುಟ್‌ಬಾಲ್ ತಂಡ ಒಂದೇ. ಅದರ ಕ್ಯಾಪ್ಟನ್ ಜಯರಾಮು, ಕೊಪ್ಪದ ರೈತರ ಮಗ, ಜೂನಿಯರ್ ಇಂಟರ್ ಓದುತ್ತಿದ್ದ. ಓದು ಅಷ್ಟಕ್ಕಷ್ಟೆ, ಕಾಲು ಮಾತ್ರ ಚಿನ್ನ. ಬೆಂಗಳೂರಿನ ಒಂದು ಮಿಲ್ಲಿನವರು ಪ್ರತಿ ವರ್ಷ ಕಾಲೇಜುಗಳ ಫೈನಲ್ ನೋಡಲು ಬಂದು, ಚೆನ್ನಾಗಿ ಆಡುವ ಒಬ್ಬಿಬ್ಬರನ್ನು ಕೆಲಸ ಕೊಟ್ಟು ಕರೆದುಕೊಳ್ಳುತ್ತಿದ್ದರು. ಜಯರಾಮುವಿನ ಕಣ್ಣು ಅದರ ಮೇಲೆ. ಫೈನಲ್ಲಿಗೆ ಹೋಗಬೇಕಾದರೆ ಮಂಡ್ಯದಲ್ಲೇ ನಡೆಯಲಿದ್ದ ಸೆಮಿಫೈನಲ್ ಗೆಲ್ಲಬೇಕು. ಎದುರಾಳಿ ಮೈಸೂರಿನ ಕಾಲೇಜು.

ಮೈಸೂರಿನವರು ಬೆಳಗಿನ ರೈಲಿಗೆ ಬರುತ್ತಾರೆ, ಆಟ ನಾಲ್ಕಕ್ಕೆ, ಮಧ್ಯಾಹ್ನ ಅವರಿಗೆ ಒಂದಿಷ್ಟು ಅನ್ನ ಸಾರು ಮಾಡಿ ಹಾಕಿದರೆ ಸಾಕು ಎಂದು ಜಯರಾಮು ಬಂದು ಹೇಳಿದ. ಒಂದಿಷ್ಟು ಎಂಬ ಮಾತೇ ನನಗೆ ಹಿಡಿಸಲಿಲ್ಲ. ಪರ ಊರಿನ ಮಕ್ಕಳು ಬಾಗಿಲಿಗೆ ಬಂದಾಗ ಒಂದಿಷ್ಟು ಹಾಕಿ ಕಳಿಸುವುದು ನಮ್ಮ ಕಡೆಯ ರೀತಿಯೇ? ನಮ್ಮಲ್ಲಿ ಎರಡು ಕಟ್ಟಳೆಗಳಿವೆ: ನೆಂಟರ ಎಲೆ ಖಾಲಿ ಕಾಣಬಾರದು, ನೆಂಟರು ಕೈ ತೊಳೆಯುವ ತನಕ ಮನೆಯವರು ಎಲೆಯ ಮುಂದೆ ಕೂರಬಾರದು. ನಾನು ಹಿಂದಿನ ದಿನವೇ ಬಂಡೂರಿಗೆ ಹೋಗಿ ಎರಡು ಕುರಿ ತಂದೆ.

ಆ ಹುಡುಗರು ಉಂಡದ್ದನ್ನು ನೀವು ನೋಡಬೇಕಾಗಿತ್ತು. ಪಾಪ, ತಿಂಗಳುಗಳಿಂದ ಹಾಸ್ಟೆಲಿನಲ್ಲಿ ರೇಷನ್ ಅಳತೆಯ ಅನ್ನವನ್ನೇ ಉಣ್ಣುತ್ತಿದ್ದವರು. ಮೊದಲ ಮುದ್ದೆಗೆ ನಾಚಿಕೊಂಡರು, ಎರಡನೆಯದಕ್ಕೆ ಅಂಗಿಯ ತೋಳು ಮಡಿಸಿದರು, ಮೂರನೆಯದನ್ನು ಬೇಡ ಎಂದರು. ಬೇಡ ಎಂದವರಿಗೆ ಹಾಕುವುದೇ ಬಡಿಸುವವನ ಕಸುಬು. ಬೇಕೆಂದವರಿಗೆ ಯಾರು ಬೇಕಾದರೂ ಹಾಕುತ್ತಾರೆ. ಒಬ್ಬ ಎರಡು ಕೈಯನ್ನೂ ಎಲೆಗೆ ಅಡ್ಡ ಹಿಡಿದ. ಕೈಗಳ ಸಂದಿಯಲ್ಲೇ ಸಾರು ಬಿಟ್ಟೆ. ನಮ್ಮ ಹುಡುಗರು ಬಾಗಿಲ ಬಳಿ ಕೈಕಟ್ಟಿ ನಿಂತು ಉಪಚಾರದ ಮಾತು ಹೇಳುತ್ತಿದ್ದರು. ಅವರು ಉಣ್ಣಲು ಕೂರುವ ಹೊತ್ತಿಗೆ ಆಟಕ್ಕೆ ವೇಳೆಯಾಯಿತು. ಒಂದೊಂದು ಲೋಟ ಮಜ್ಜಿಗೆ ಕುಡಿದು ಓಡಿದರು.

ಆಟದ ವಿಷಯ ಹೇಳಲು ಇಂದಿಗೂ ಸಂಕೋಚ. ಮೈಸೂರಿನ ಸೆಂಟರ್ ಫಾರ್ವರ್ಡ್ ಹತ್ತು ಹೆಜ್ಜೆ ಓಡಿ, ಏನೋ ನೆನಪಾದವನಂತೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡ. ಇನ್ನಿಬ್ಬರು ಬಾವುಟದ ಕಂಬದ ಹತ್ತಿರ ಕೂತೇಬಿಟ್ಟರು. ಅವರ ಗೋಲ್‌ಕೀಪರ್ ಗೋಲಿನ ಕಂಬಕ್ಕೆ ಒರಗಿಕೊಂಡು, ಚೆಂಡು ಪಕ್ಕದಲ್ಲಿ ಹೋಗುವುದನ್ನು ಶಾಂತವಾಗಿ ನೋಡಿದ. ನಮ್ಮವರು ಒಂಬತ್ತು ಗೋಲು ಹೊಡೆದರು. ಮಂಡ್ಯಕ್ಕೆ ಮಂಡ್ಯವೇ ಕುಣಿಯಿತು. ನಾನೂ ಕುಣಿದೆ, ಹುಡುಗರ ಕಾಲಿನ ಶಕ್ತಿಗೆ ಬೆರಗಾಗಿ ಕುಣಿದೆ.

ವಾರದಲ್ಲಿ ಮೈಸೂರಿನ ಕಾಲೇಜಿನವರ ದೂರು ಬಂತು. ಅತಿಥಿ ತಂಡಕ್ಕೆ ಬೇಕೆಂದೇ ಮಿತಿಮೀರಿ ಉಣ್ಣಿಸಿ ಆಟ ಕೆಡಿಸಿದ್ದಾರೆ. ಇದು ಪೂರ್ವಯೋಜಿತ ಸಂಚು. ಕಾಲೇಜಿನ ಗುಮಾಸ್ತರು ಇಂಗ್ಲಿಷ್ ಕಾಗದವನ್ನು ಓದಿ ಅರ್ಥ ಹೇಳಿದಾಗ ನಾನು ಹಿಡಿದಿದ್ದ ಪಾತ್ರೆಯನ್ನು ಕೆಳಗಿಡುವುದನ್ನೂ ಮರೆತೆ. ನನ್ನ ಅಪ್ಪ, ನನ್ನ ತಾತ ಇಡೀ ಜನ್ಮ ಮಾಡಿದ ಪುಣ್ಯಕ್ಕೆ ಓದಿದವರಲ್ಲಿ ಇಂಥ ಹೆಸರಿದೆಯೆಂದು ನನಗೆ ಅವತ್ತೇ ಗೊತ್ತಾದದ್ದು.

ವಿಚಾರಣೆ ಮಂಡ್ಯದಲ್ಲಿ ಪ್ರಯಾಣಿಕರು ಇಳಿದುಕೊಳ್ಳುವ ಮುಸಾಫಿರಖಾನೆಯ ಜಗಲಿಯಲ್ಲಿ. ಪಂದ್ಯ ನಡೆಸುವ ಸಮಿತಿಯ ಮೂವರು ದೊಡ್ಡ ಮನುಷ್ಯರು, ಮಧ್ಯದಲ್ಲಿ ಬಿಳಿ ರುಮಾಲಿನ ಅಧ್ಯಕ್ಷರು. ಒಳಗೆ ಹೋಗುವ ಮೊದಲು ಜಯರಾಮು ನನ್ನನ್ನು ಹುಣಸೆ ಮರದ ಕೆಳಗೆ ಕರೆದುಕೊಂಡು ಹೋದ.

"ಅಣ್ಣ, ನಾವೂ ಅವ್ರ್ ಜೊತೇಲೇ ಕೂತು ಅದ್ನೇ ಉಂಡೋ ಅಂತ ಒಂದ್ ಮಾತು ಏಳ್ಬುಡು. ಅಷ್ಟೇಯ. ಇನ್ನೇನೂ ಮಾತಾಡ್ಬ್ಯಾಡ. ನನ್ ಬದುಕು ನಿನ್ ಬಾಯಲ್ಲೇ ಅದೆ."

ಆಗಲಿ ಎಂದೆ. ನಿಜವಾಗಿಯೂ ಹಾಗೆಯೇ ಹೇಳಬೇಕೆಂದಿದ್ದೆ. ಆದರೆ ನನಗಿಂತ ಮೊದಲು ಮೈಸೂರಿನ ತಂಡದ ಮೇಷ್ಟ್ರು ಎದ್ದು ನಿಂತು, ಹುಡುಗರಿಗೆ ಅಲ್ಲಿ ಸಿಕ್ಕಿದ್ದು ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುವ ಒರಟು ಹಳ್ಳಿ ಊಟ, ರುಚಿಗಾಗಿ ಯಾರೂ ಅಷ್ಟು ಉಣ್ಣುವಂಥದ್ದಲ್ಲ, ಬಲವಂತಕ್ಕೆ ಉಂಡರು ಎಂದುಬಿಟ್ಟರು. ಆ ಮೇಷ್ಟ್ರು ಅಂದು ಹುಡುಗರ ಸಾಲಿನಲ್ಲೇ ಕೂತು ತಾವೇ ಐದು ಮುದ್ದೆ ಮುರಿದಿದ್ದರು. ನನ್ನ ಕಿವಿ ಬಿಸಿಯಾಯಿತು. ಅಧ್ಯಕ್ಷರು ನನ್ನ ಕಡೆ ತಿರುಗುವ ಮೊದಲೇ ನಾನು ಶುರು ಮಾಡಿದ್ದೆ. ಬಂಡೂರಿನ ಕುರಿಯ ವಿಷಯ ಹೇಳಿದೆ, ಮಸಾಲೆ ಅರೆದ ಬಗೆ ಹೇಳಿದೆ, ನಾನೇ ನಿಂತು ಬೇಡ ಎಂದವರಿಗೂ ಬಡಿಸಿದ್ದನ್ನು ಹೇಳಿದೆ. ಜಮೀನು ಅಳೆಯಲು ಹೋಗಿ ಮಲಗಿದ ಸಾಹೇಬರ ಕಥೆಯನ್ನೂ ಬಿಡಲಿಲ್ಲ. ಅಧ್ಯಕ್ಷರು ತಾಳ್ಮೆಯಿಂದ ಎಲ್ಲವನ್ನೂ ಬರೆದುಕೊಂಡರು.

"ಒಳ್ಳೆಯದು. ನಿಮ್ಮ ಕಾಲೇಜಿನ ಹುಡುಗರೂ ಇದನ್ನೇ ಉಂಡರಷ್ಟೆ?" ಎಂದು ಕೇಳಿದರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಹೊತ್ತಿಗೆ ನಾನು ನನ್ನ ಮನೆತನದ ಮರ್ಯಾದೆಯ ತುತ್ತತುದಿಯಲ್ಲಿ ನಿಂತಿದ್ದೆ.

"ಎಲ್ಲಾದ್ರೂ ಉಂಟಾ ಸ್ವಾಮಿ? ನೆಂಟ್ರು ಏಳಕ್ ಮುಂಚೆ ಮನೆ ಮಕ್ಳು ಎಲೆ ಮುಂದೆ ಕೂತ್ಕಂಡಾರಾ? ನಮ್ ಉಡುಗ್ರು ಒಂದೊಂದ್ ಲೋಟ ಮಜ್ಜಿಗೆ ಕುಡ್ಕಂಡು ಆಡುದ್ರು. ಒಬ್ರೂ ಒಂದ್ ತುತ್ತು ಮುಟ್ನಿಲ್ಲ. ಬೇಕಾದ್ರೆ ಕೇಳಿ ನೋಡಿ."

ಅಧ್ಯಕ್ಷರು ಅದನ್ನೂ ಬರೆದುಕೊಂಡರು. ಜಯರಾಮು ಗೋಡೆಯ ಕಡೆ ತಿರುಗಿಕೊಂಡ.

ತೀರ್ಪು ಬಂತು. ಗೆಲುವು ರದ್ದು, ಈ ವರ್ಷದ ಪಂದ್ಯದಿಂದ ಮಂಡ್ಯದ ತಂಡ ಹೊರಗೆ, ಫೈನಲ್ಲಿಗೆ ಮೈಸೂರು. ನನಗೆ ದಿಗ್ಭ್ರಮೆಯಾದದ್ದು ಶಿಕ್ಷೆಯಿಂದಲ್ಲ, ಅದು ಹೋಗಿ ಬಿದ್ದ ಜಾಗದಿಂದ. ಉಂಡವರಿಗೆ ಫೈನಲ್ಲು, ಹಸಿದು ಆಡಿದವರಿಗೆ ದಂಡನೆ, ಬಡಿಸಿದವನಿಗೆ ಏನೂ ಇಲ್ಲ! ನಾನು ಗುಮಾಸ್ತರಿಂದ ಆ ಕಾಗದವನ್ನು ಎರಡು ಸಲ ಓದಿಸಿದೆ. ನನ್ನ ಹೆಸರು ಒಂದು ಕಡೆಯೂ ಇರಲಿಲ್ಲ. 'ಅಸಾಮಾನ್ಯ ರುಚಿಯ ಭೋಜನ' ಎಂಬ ಮಾತು ಮಾತ್ರ ಇತ್ತು. ಎರಡನೆಯ ಸಲ ಓದಿಸಿದ್ದು ಅದಕ್ಕಾಗಿಯೇ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಆದರೂ ಜಯರಾಮುವಿಗೆ ಮುಂದಿನ ವರ್ಷ ಉಳಿದಿತ್ತು. ಕಾಲೇಜಿನ ಕಡೆಯ ವರ್ಷವಾದ ಸೀನಿಯರ್ ಇಂಟರಿನಲ್ಲಿ ಮತ್ತೆ ಆಡಬಹುದಿತ್ತು. ಅಲ್ಲಿಗೆ ಬಿಡಬೇಕಿತ್ತು. ನಾನು ಬಿಡಲಿಲ್ಲ. ತಪ್ಪು ನನ್ನದು, ಶಿಕ್ಷೆ ನನಗೇ ಕೊಡಿ, ನನ್ನ ಹೋಟೆಲು ಒಂದು ತಿಂಗಳು ಮುಚ್ಚಿಸಿ ಎಂದು ಕೇಳಿಕೊಳ್ಳಲು ಮೈಸೂರಿಗೆ, ಅಧ್ಯಕ್ಷರ ಮನೆಗೇ ಹೋದೆ. ದೊಡ್ಡವರ ಮನೆಗೆ ಬರಿಗೈಲಿ ಹೋಗಬಾರದು ಎಂದು ನಾಲ್ಕು ಅಂತಸ್ತಿನ ಕ್ಯಾರಿಯರ್ ಹಿಡಿದಿದ್ದೆ. ಅವರು ಬಾಗಿಲಲ್ಲೇ ನಿಂತು ಇದೇನು ಎಂದು ಕೇಳಿದರು. ಅದೇ ಸಾರು, ತಾವೂ ಒಂದು ತುತ್ತು ನೋಡಿ ಆಮೇಲೆ ನ್ಯಾಯ ಹೇಳಿ ಎಂದೆ. ಹನ್ನೊಂದು ಜನರನ್ನು ಮಲಗಿಸಿದ ಪದಾರ್ಥ ಈಗ ತಮ್ಮನ್ನೂ ಹುಡುಕಿಕೊಂಡು ಬಂದಿದೆ ಎಂಬಂತೆ ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಂಡರು.

ಹದಿನೈದು ದಿನಕ್ಕೆ ಎರಡನೆಯ ಕಾಗದ. ಸಮಿತಿಯನ್ನು ಒಲಿಸಿಕೊಳ್ಳಲು ಪ್ರಯತ್ನ ನಡೆದಿರುವುದರಿಂದ ಮುಂದಿನ ವರ್ಷವೂ ತಂಡ ಆಡುವಂತಿಲ್ಲ.

ನನ್ನ ಹೆಂಡತಿ ಕೆಂಪಮ್ಮ ಓದು ಬರಹ ಕಾಣದವಳು. ಕಾಗದದ ಸುದ್ದಿ ಕೇಳಿ, ಒಲೆಯೂದುವುದನ್ನು ನಿಲ್ಲಿಸಿ, "ಅಲ್ಲ ಕಣಿ, ನೀವು ಆ ಮಕ್ಳಿಗೆ ಶತ್ರು ಆಗಿದ್ರೆ ಇದ್ಕಿಂತ ಇನ್ನೇನ್ ಮಾಡಾಕ್ ಆಗ್ತಿತ್ತು?" ಎಂದಳು. ಅದನ್ನು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ಕಾಲೇಜನ್ನೇ ಕೆಡವಿದ ಸಾರು ಯಾವುದು ನೋಡೋಣ ಎಂದು ಮಳವಳ್ಳಿ, ಮದ್ದೂರಿನಿಂದೆಲ್ಲ ಜನ ಬಂದು ಬೆಂಚು ತುಂಬುತ್ತಿದ್ದರು.

ಒಂದು ಮಧ್ಯಾಹ್ನ ಆ ಗುಂಪಿನಲ್ಲಿ ಜಯರಾಮುವೂ ಬಂದು ಕೂತ. ನಾನೇ ಎಲೆ ಹಾಕಿದೆ. ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿಲ್ಲ. ಎರಡು ಮುದ್ದೆ ಉಂಡು, ಮೂರನೆಯದಕ್ಕೆ ತಾನೇ ಎಲೆ ತೋರಿಸಿದ.

"ಆಕಣ್ಣ, ಆಕು. ಇನ್ನೇನ್ ನಾಳೀಕ್ ಆಟ ಐತಾ?" ಎಂದ.

ಕ್ಷಮಿಸಪ್ಪಾ ಎನ್ನಬೇಕು, ನಾಲಿಗೆಯ ತುದಿಯವರೆಗೂ ಅದೇ ಬಂದಿತ್ತು. ಆದರೆ ಮೂವತ್ತು ವರ್ಷದ ಅಭ್ಯಾಸ ನೋಡಿ, ಎಲೆಯ ಪಕ್ಕದಲ್ಲಿ ನಿಂತರೆ ನನ್ನ ಬಾಯಿಗೆ ಬರುವುದು ಒಂದೇ ಮಾತು. ಸಾರು ಹೇಗಿದೆ ಎಂದು ಕೇಳಿಬಿಟ್ಟೆ.

ಅವನು ಬೆರಳಿಗೆ ಸಾರು ಹಚ್ಚಿಕೊಂಡು ನೆಕ್ಕಿದ. "ಉಪ್ಪು ವಸಿ ಜಾಸ್ತಿ ಆಗ್ಬುಟ್ಟದೆ ಕಣಣ್ಣ," ಎಂದ, ಸುತ್ತ ಉಣ್ಣುತ್ತಿದ್ದ ಜನಕ್ಕೆಲ್ಲ ಕೇಳುವ ಹಾಗೆ.

ಒಳಗೆ ಹೋಗಿ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು. ಆದರೂ ಹೊರಗೆ ಬಂದು, ಹೌದು ಕಣಪ್ಪ, ಇವತ್ತು ಜಾಸ್ತಿಯಾಗಿದೆ ಎಂದು ಎಲ್ಲರೆದುರಿಗೆ ಒಪ್ಪಿಕೊಂಡೆ. ಈ ತೀರ್ಪಿನ ಮೇಲೆ ಮಾತ್ರ ನಾನು ಅಪೀಲು ಹೋಗಲಿಲ್ಲ.